ಮುತ್ತುಗದ ಬೀಜ, ಬಾಳೆದಿಂಡಿನ ಉಂಡೆ, ಒಗರು ಸೊಪ್ಪು: ಮೇಕೆಯ ಹೊಟ್ಟೆಹುಳಕ್ಕೆ ಯಾವುದು ನಾಟಿತು

ಮೇಕೆಗೆ ಹೊಟ್ಟೆಹುಳ ಆಗಿದೆ ಅಂದರೆ ನಮ್ಮ ಶಿರಾ ಕಡೆ ಎರಡು ಮಾತು ಕೇಳಿಬರುತ್ತವೆ. ಒಬ್ಬರು, "ಆಸ್ಪತ್ರೆಯಿಂದ ಜಂತು ಔಷಧಿ ತಂದು ಮಂದೆಗೆಲ್ಲ ಕುಡಿಸಿಬಿಡಿ" ಅನ್ನುತ್ತಾರೆ. ಇನ್ನೊಬ್ಬರು, "ಮುತ್ತುಗದ ಬೀಜ ಅರೆದು ಕುಡಿಸಿ, ಒಂದು ಹುಳವೂ ಉಳಿಯಲ್ಲ" ಅನ್ನುತ್ತಾರೆ. ಹುಳ ಹೋಗಿದ್ದು ಹೇಗೆ ಗೊತ್ತಾಯಿತು ಅಂತ ಕೇಳಿದರೆ ಇಬ್ಬರದೂ ಒಂದೇ ಉತ್ತರ: "ಮೇಕೆ ಚೇತರಿಸಿಕೊಂಡಿತಲ್ಲ." ಆದರೆ ಮಳೆ ನಿಂತು ಹುಲ್ಲು ಒಣಗಿದರೂ ಮೇಕೆ ಚೇತರಿಸಿಕೊಳ್ಳುತ್ತದೆ. ಕಡಲೆಕಾಯಿ ಬಳ್ಳಿ ಮನೆಗೆ ಬಂದು ಮೇವು ಸುಧಾರಿಸಿದರೂ ಚೇತರಿಸಿಕೊಳ್ಳುತ್ತದೆ. ಯಾವುದರಿಂದ ಆಯಿತು ಅಂತ ಹೇಗೆ ಹೇಳುವುದು?

ಹಾಗಾಗಿ ಒಂದು ಮಳೆಗಾಲ ಪೂರ್ತಿ ನಾವು ಹಿಕ್ಕೆಯಲ್ಲಿರುವ ಹುಳದ ಮೊಟ್ಟೆ ಎಣಿಸಿ ನೋಡಿದೆವು. ಗಿಡಮೂಲಿಕೆ ಕೊಡುವ ಮೊದಲು ಒಂದು ಸಲ, ಕೊಟ್ಟ ಮೇಲೆ ಒಂದು ಸಲ. ಅದಕ್ಕೆ ಬೇಕಾದ ಸಾಮಾನು ಜೋಡಿಸಿದ್ದು, ಬೀಜ ತಯಾರು ಮಾಡಿದ್ದು, ಸೊಪ್ಪು ತೂಗುಹಾಕಲು ಅಟ್ಟಣೆ ಕಟ್ಟಿದ್ದು ಎಲ್ಲವನ್ನೂ ಇಲ್ಲಿ ಬರೆಯುತ್ತಿದ್ದೇನೆ. ಮೇಕೆ ಸಾಕುವವರು ಯಾರಾದರೂ ಮನೆಯಲ್ಲೇ ಮಾಡಿಕೊಳ್ಳಬಹುದು.

ನಮ್ಮದು ನಂದಿದುರ್ಗ ತಳಿ ಮತ್ತು ಊರ ನಾಟಿ ಮೇಕೆಗಳು ಬೆರೆತ ಸಣ್ಣ ಮಂದೆ. ಹಗಲು ಮೇಯಲು ಹೋಗುತ್ತವೆ, ರಾತ್ರಿ ರೊಪ್ಪದಲ್ಲಿ ಇರುತ್ತವೆ. ಇಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಹಿಂದಿನ ವರ್ಷ ಆ ಹೊತ್ತಿಗೆ ಎಂದಿನಂತೆ ಅಲ್ಬೆಂಡಜೋಲ್ ಎಂಬ ಜಂತು ಔಷಧಿ ಕುಡಿಸಿದ್ದೆವು. ಆದರೂ ಕೆಲವು ಮೇಕೆಗಳ ಕಣ್ಣು ಬಿಳಚಿಕೊಂಡೇ ಇತ್ತು. ಒಂದಕ್ಕೆ ಗದ್ದದ ಕೆಳಗೆ ನೀರು ತುಂಬಿಕೊಂಡು ಚೀಲದಂತೆ ಜೋತುಬಿದ್ದಿತು. ಅತ್ತೆ ಅದನ್ನು ಮುಟ್ಟಿ ನೋಡಿ, "ರಕ್ತ ಇಲ್ಲಮ್ಮ ಇದಕ್ಕೆ, ಹುಳ ಕುಡಿದುಬಿಟ್ಟಿದೆ" ಅಂದರು. ಅವರು ಹೇಳಿದ್ದು ಅಕ್ಷರಶಃ ನಿಜ.

ಯಾವ ಹುಳದ ಜೊತೆ ಹೋರಾಟ

ಹೊಟ್ಟೆಹುಳ ಅಂದರೆ ಒಂದೇ ಜಾತಿ ಅಲ್ಲ. ಲಾಡಿಹುಳ ಹಿಕ್ಕೆಯಲ್ಲಿ ಅನ್ನದ ಅಗುಳಿನ ಹಾಗೆ ತುಂಡು ತುಂಡಾಗಿ ಕಾಣುತ್ತದೆ. ಕಣ್ಣಿಗೆ ಕಾಣುವುದರಿಂದ ಎಲ್ಲರಿಗೂ ಅದರದೇ ಭಯ. ಆದರೆ ದೊಡ್ಡ ಮೇಕೆಗಳಿಗೆ ಅದರಿಂದ ಅಂಥ ತೊಂದರೆ ಇಲ್ಲ. ಪ್ರಾಣ ತೆಗೆಯುವುದು ಹೀಮಾಂಕಸ್ ಎಂಬ ದಾರದಂಥ ಹುಳ. ಉದ್ದ ಎರಡು ಮೂರು ಸೆಂಟಿಮೀಟರ್ ಅಷ್ಟೇ. ಮೇಕೆಯ ನಾಲ್ಕನೇ ಹೊಟ್ಟೆಯ ಗೋಡೆಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ಒಂದು ಹುಳ ದಿನಕ್ಕೆ ಸುಮಾರು 0.05 ಮಿಲಿ ರಕ್ತ ಕಳೆಯುತ್ತದೆ. ಸಾವಿರ ಹುಳ ಇದ್ದರೆ ದಿನಕ್ಕೆ 50 ಮಿಲಿ ಆಯಿತು. 30 ಕೆಜಿ ಮೇಕೆಯ ಮೈಯಲ್ಲಿ ಇರುವ ರಕ್ತವೇ ಎರಡು ಲೀಟರ್ ಆಸುಪಾಸು. ಎಷ್ಟು ದಿನ ತಡೆದುಕೊಂಡೀತು?

ಇನ್ನೊಂದು ಮುಖ್ಯ ವಿಷಯ. ಈ ಹುಳದಿಂದ ಸಾಮಾನ್ಯವಾಗಿ ಭೇದಿ ಆಗುವುದಿಲ್ಲ. ಹಿಕ್ಕೆ ಗಟ್ಟಿಯಾಗಿ, ಉಂಡೆಯಾಗಿ, ಚೆನ್ನಾಗಿಯೇ ಬೀಳುತ್ತಿರುತ್ತದೆ. ಅದನ್ನು ನೋಡಿ ಹುಳ ಇಲ್ಲ ಅಂದುಕೊಂಡರೆ ಅಪಾಯ.

ಒಂದು ಹೆಣ್ಣು ಹುಳ ದಿನಕ್ಕೆ 5,000 ದಿಂದ 10,000 ಮೊಟ್ಟೆ ಇಡುತ್ತದೆ. ಅವು ಹಿಕ್ಕೆಯ ಜೊತೆ ನೆಲಕ್ಕೆ ಬೀಳುತ್ತವೆ. ತೇವ, ಬೆಚ್ಚನೆ ಹವೆ ಇದ್ದರೆ ಒಂದು ವಾರದೊಳಗೆ ಮರಿಹುಳಗಳಾಗಿ ಹುಲ್ಲಿನ ಮೇಲಿನ ನೀರಿನ ಪಸೆಯಲ್ಲಿ ಹತ್ತುತ್ತವೆ. ಮೇಕೆ ಆ ಹುಲ್ಲು ತಿಂದ ಮೇಲೆ ಸುಮಾರು ಮೂರು ವಾರಕ್ಕೆ ಹೊಟ್ಟೆಯೊಳಗೆ ಬೆಳೆದು ತಾವೂ ಮೊಟ್ಟೆ ಇಡಲು ಶುರು ಮಾಡುತ್ತವೆ. ಔಷಧಿ ಕೊಟ್ಟು ಒಂದು ತಿಂಗಳಿಗೇ ಮತ್ತೆ ಹುಳ ಕಾಣುವುದು ಇದೇ ಕಾರಣಕ್ಕೆ.

ಮೊಟ್ಟೆ ಎಣಿಸುವ ಸಾಮಾನು

ಮೊಟ್ಟೆ ಬರಿಗಣ್ಣಿಗೆ ಕಾಣುವುದಿಲ್ಲ. ಒಂದು ಮಿಲಿಮೀಟರಿನ ಹನ್ನೆರಡನೇ ಒಂದು ಪಾಲಿನಷ್ಟು ಉದ್ದ ಅಷ್ಟೇ. ಹಾಗಾಗಿ ಒಂದು ಮೈಕ್ರೋಸ್ಕೋಪ್ ಬೇಕು. ಕಾಲೇಜು ಮಕ್ಕಳು ಬಳಸುವ ಸಾಧಾರಣ ಮೈಕ್ರೋಸ್ಕೋಪ್ ಸಾಕು. ನೂರು ಪಟ್ಟು ದೊಡ್ಡದಾಗಿ ತೋರಿಸಿದರೆ ಕೆಲಸ ಆಗುತ್ತದೆ. ನಾವು ಹಳೆಯದೊಂದನ್ನು ಕೊಂಡೆವು. ಸ್ಲೈಡನ್ನು ತಿರುಪು ತಿರುಗಿಸಿ ಅತ್ತಿತ್ತ ಸರಿಸುವ ಹಾಗಿದ್ದರೆ ಒಳ್ಳೆಯದು. ಬೆರಳಲ್ಲಿ ತಳ್ಳುತ್ತಾ ಎಣಿಸುವುದು ಕಷ್ಟ.

ಎರಡನೆಯದು ಮ್ಯಾಕ್‌ಮಾಸ್ಟರ್ ಸ್ಲೈಡ್. ಇದಕ್ಕೆ ಮಾತ್ರ ಬದಲಿ ಇಲ್ಲ. ಆಸ್ಟ್ರೇಲಿಯಾದಲ್ಲಿ ಕುರಿಗಳ ಹುಳ ಎಣಿಸಲು ಗೋರ್ಡನ್, ವಿಟ್‌ಲಾಕ್ ಎಂಬ ಇಬ್ಬರು ವಿಜ್ಞಾನಿಗಳು 1939ರಲ್ಲಿ ಈ ವಿಧಾನ ಪ್ರಕಟಿಸಿದರು. ಇವತ್ತಿಗೂ ಲೋಕದ ಎಲ್ಲ ಕಡೆ ಅದೇ ನಡೆಯುತ್ತಿದೆ. ಸ್ಲೈಡಿನಲ್ಲಿ ಎರಡು ಕೋಣೆ ಇರುತ್ತವೆ. ಪ್ರತಿ ಕೋಣೆಯ ಗೆರೆ ಹಾಕಿದ ಜಾಗದ ಕೆಳಗೆ ಸರಿಯಾಗಿ 0.15 ಮಿಲಿ ನೀರು ಹಿಡಿಯುತ್ತದೆ. ಈ ಅಳತೆ ಗೊತ್ತಿರುವುದರಿಂದಲೇ ಲೆಕ್ಕ ಸಾಧ್ಯ. ಪ್ಲಾಸ್ಟಿಕ್ಕಿನದು ಸಿಗುತ್ತದೆ, ತೊಳೆದು ಮತ್ತೆ ಮತ್ತೆ ಬಳಸಬಹುದು.

ಉಳಿದದ್ದೆಲ್ಲ ಮನೆಯಲ್ಲೇ ಇತ್ತು. ಟೀ ಸೋಸುವ ಜಾಲರಿ, ಎರಡು ಲೋಟ, ಸೂಜಿ ತೆಗೆದ ಸಿರಿಂಜು, ಡ್ರಾಪರ್, ಗ್ರಾಂ ಲೆಕ್ಕದಲ್ಲಿ ತೂಗುವ ಪುಟ್ಟ ತಕ್ಕಡಿ, ಕಲ್ಲುಪ್ಪು. ಹಿಕ್ಕೆ ಮುಟ್ಟಿದ ಲೋಟ, ಜಾಲರಿ ಮತ್ತೆ ಅಡುಗೆಮನೆಗೆ ಹೋಗಬಾರದು. ಅವಕ್ಕೆ ಬಣ್ಣ ಬಳಿದು ಬೇರೆ ಇಡಿ.

ಉಪ್ಪುನೀರು ಹೀಗೆ ಮಾಡಬೇಕು. ಒಂದು ಲೀಟರ್ ಬಿಸಿನೀರಿಗೆ ಉಪ್ಪು ಹಾಕುತ್ತಾ ಕಲಕುತ್ತಾ ಹೋಗಿ. ಇನ್ನು ಕರಗುವುದಿಲ್ಲ, ತಳದಲ್ಲಿ ಉಳಿಯುತ್ತಿದೆ ಅನ್ನುವವರೆಗೆ. ಸುಮಾರು 400 ಗ್ರಾಂ ಹಿಡಿಯುತ್ತದೆ. ಆರಿದ ಮೇಲೆ ಮೇಲಿನ ತಿಳಿ ಬಾಟಲಿಗೆ ತುಂಬಿ. ಈ ನೀರು ಎಷ್ಟು ಭಾರ ಅಂದರೆ ಹುಳದ ಮೊಟ್ಟೆ ಅದರಲ್ಲಿ ಮುಳುಗದೆ ಮೇಲಕ್ಕೆ ತೇಲುತ್ತದೆ. ಕಸಕಡ್ಡಿ ಕೆಳಗೆ ಉಳಿಯುತ್ತದೆ. ಇಡೀ ವಿಧಾನದ ಗುಟ್ಟು ಇಷ್ಟೇ.

ಹಿಕ್ಕೆ ಹೊಸದಾಗಿರಬೇಕು. ಬೆಳಗ್ಗೆ ಮೇಕೆ ಎದ್ದು ನಿಂತ ಕೂಡಲೇ ಹಾಕುತ್ತದೆ, ಆಗ ಹಿಡಿದುಕೊಳ್ಳುವುದು ಸುಲಭ. ನೆಲದ ಮೇಲೆ ಬಿದ್ದು ಬಿಸಿಲು ಕಂಡದ್ದು ಬೇಡ. ನಮ್ಮ ಬಿಸಿಲಿಗೆ ಒಂದು ದಿನದಲ್ಲೇ ಮೊಟ್ಟೆ ಒಡೆದು ಮರಿಯಾಗುತ್ತದೆ, ಆಮೇಲೆ ಎಣಿಕೆ ಕಡಿಮೆ ಬರುತ್ತದೆ. ಪ್ರತಿ ಮೇಕೆಯದೂ ಬೇರೆ ಬೇರೆ ಪೊಟ್ಟಣ, ಮೇಲೆ ಹೆಸರು.

3 ಗ್ರಾಂ ಹಿಕ್ಕೆ ತೂಗಿ, 42 ಮಿಲಿ ಉಪ್ಪುನೀರು ಹಾಕಿ, ಚೆನ್ನಾಗಿ ಕಿವುಚಿ. ಜಾಲರಿಯಲ್ಲಿ ಸೋಸಿ. ಕಲಕುತ್ತಿರುವಾಗಲೇ ಡ್ರಾಪರಿನಲ್ಲಿ ಹೀರಿ ಎರಡೂ ಕೋಣೆ ತುಂಬಿ. ಕಲಕದೆ ಹೀರಿದರೆ ಮೊಟ್ಟೆ ಎಲ್ಲ ಮೇಲೆ ಹೋಗಿರುತ್ತವೆ, ಲೆಕ್ಕ ತಪ್ಪುತ್ತದೆ. ಗಾಳಿ ಗುಳ್ಳೆ ಬಂದರೆ ಮತ್ತೆ ತುಂಬಿ. ಐದು ನಿಮಿಷ ಸುಮ್ನೆ ಬಿಡಿ, ಮೊಟ್ಟೆಗಳು ಮೇಲಕ್ಕೆ ಬರಲಿ. ಆಮೇಲೆ ಗೆರೆಗಳ ನಡುವೆ ಕಾಣುವುದನ್ನು ಎಣಿಸಿ. ಎರಡೂ ಕೋಣೆಯ ಒಟ್ಟನ್ನು 50ರಿಂದ ಗುಣಿಸಿದರೆ ಒಂದು ಗ್ರಾಂ ಹಿಕ್ಕೆಯಲ್ಲಿ ಎಷ್ಟು ಮೊಟ್ಟೆ ಅಂತ ಬರುತ್ತದೆ. 24 ಕಂಡರೆ 1,200. ಒಂದು ಗಂಟೆಯೊಳಗೆ ಎಣಿಕೆ ಮುಗಿಸಿ, ತಡವಾದರೆ ಉಪ್ಪು ಹರಳುಗಟ್ಟುತ್ತದೆ.

ಏನನ್ನು ಎಣಿಸಬೇಕು ಅನ್ನುವುದು ಮೊದಮೊದಲು ಗೊಂದಲ. ದಾರಹುಳದ ಮೊಟ್ಟೆ ಉದ್ದುರುಂಟು, ತೆಳು ಸಿಪ್ಪೆ, ಒಳಗೆ ದ್ರಾಕ್ಷಿಗೊಂಚಲಿನಂತೆ ಕಪ್ಪು ಕಣಗಳು. ಅದರ ಅರ್ಧಕ್ಕಿಂತ ಚಿಕ್ಕದಾಗಿ ದುಂಡಗೆ ಕಾಣುವುದು ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ, ಅದು ಹುಳವೇ ಅಲ್ಲ, ಅದರ ಔಷಧಿಯೇ ಬೇರೆ. ಮೂರು ಮೂಲೆ ಅಥವಾ ಚೌಕದ ಹಾಗಿದ್ದರೆ ಲಾಡಿಹುಳದ್ದು. ಪೂರ್ತಿ ದುಂಡಗೆ, ದಪ್ಪ ಕಪ್ಪು ಅಂಚು ಇದ್ದರೆ ಗಾಳಿ ಗುಳ್ಳೆ. ಪಶು ಆಸ್ಪತ್ರೆಯ ಡಾಕ್ಟರು ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ತೋರಿಸಿಕೊಟ್ಟರು. ಅಷ್ಟಾದ ಮೇಲೆ ಗುರುತು ಹಿಡಿಯುವುದು ಸಲೀಸಾಯಿತು. ಅವರು ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು: ಕೆರೆಯಂಗಳದಲ್ಲಿ ಮೇಯುವ ಮೇಕೆಗಳಿಗೆ ಬರುವ ಲಿವರ್ ಫ್ಲೂಕ್ ಎಂಬ ಪಿತ್ತಜನಕಾಂಗದ ಹುಳದ ಮೊಟ್ಟೆ ಭಾರ, ಈ ಉಪ್ಪುನೀರಿನಲ್ಲಿ ತೇಲುವುದಿಲ್ಲ. ಅದಕ್ಕೆ ನೀರಿನಲ್ಲಿ ತಳಕ್ಕೆ ಇಳಿಸಿ ನೋಡುವ ಬೇರೆ ವಿಧಾನ ಇದೆ.

ಕಣ್ಣಿನ ಬಣ್ಣ

ಮೊಟ್ಟೆ ಎಣಿಕೆಯ ಜೊತೆಗೆ ಕಣ್ಣನ್ನೂ ನೋಡಲೇಬೇಕು. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆದರೆ ಒಳಚರ್ಮ ಕಾಣುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಇದಕ್ಕಾಗಿ ಫಮಾಚಾ ಎಂಬ ಬಣ್ಣದ ಕಾರ್ಡ್ ಮಾಡಿದ್ದಾರೆ. 1 ಅಂದರೆ ಕೆಂಪು, 5 ಅಂದರೆ ಬೆಳ್ಳಗೆ. 4, 5 ಬಂದರೆ ಕೂಡಲೇ ಔಷಧಿ. ಗಬ್ಬದ ಮೇಕೆ ಮತ್ತು ಮರಿಗಳಾದರೆ 3ಕ್ಕೇ ಔಷಧಿ. ನೆರಳಿನಲ್ಲಿ ನೋಡಬೇಡಿ, ಬಿಸಿಲಿಗೆ ತಿರುಗಿಸಿ ನೋಡಿ. ಈ ಕಾರ್ಡಿನಿಂದ ಒಂದು ದೊಡ್ಡ ಉಪಕಾರ ಆಗಿದೆ. ಮಂದೆಯಲ್ಲಿ ಹೆಚ್ಚಿನ ಹುಳ ಇರುವುದು ಕೆಲವೇ ಮೇಕೆಗಳ ಹೊಟ್ಟೆಯಲ್ಲಿ. ಅವನ್ನು ಹುಡುಕಿ ಅವಕ್ಕಷ್ಟೇ ಕೊಟ್ಟರೆ ಔಷಧಿಯ ಶಕ್ತಿ ಹೆಚ್ಚು ಕಾಲ ಉಳಿಯುತ್ತದೆ.

ಮೊದಲ ಎಣಿಕೆಯಲ್ಲೇ ಹಿಂದಿನ ವರ್ಷದ ಅನುಮಾನ ನಿಜವಾಯಿತು. ಅಲ್ಬೆಂಡಜೋಲ್ ಕುಡಿಸಿ ಎರಡು ವಾರಕ್ಕೆ ಎಣಿಸಿದರೆ ಮೊಟ್ಟೆ ಅರ್ಧದಷ್ಟೂ ಇಳಿದಿರಲಿಲ್ಲ. ಔಷಧಿ ಕೆಲಸ ಮಾಡುತ್ತಿದ್ದರೆ ನೂರಕ್ಕೆ 95ರಷ್ಟಾದರೂ ಇಳಿಯಬೇಕು. ಡಾಕ್ಟರು ನೋಡಿ, "ಈ ಮಂದೆಯ ಹುಳ ಇದಕ್ಕೆ ಒಗ್ಗಿಹೋಗಿದೆ" ಅಂದರು. ಕುರಿಗೆ ಹೇಳಿದ ಅಳತೆಯನ್ನೇ ಮೇಕೆಗೂ ಕೊಡುತ್ತಾ ಬಂದರೆ ಹೀಗಾಗುತ್ತದಂತೆ. ಮೇಕೆಯ ಮೈ ಔಷಧಿಯನ್ನು ಬೇಗ ಹೊರಹಾಕುತ್ತದೆ, ಅದಕ್ಕೆ ಕುರಿಗಿಂತ ಜಾಸ್ತಿ ಬೇಕು. ಎಷ್ಟು ಅನ್ನುವುದನ್ನು ಡಾಕ್ಟರೇ ತೂಕ ನೋಡಿ ಹೇಳಬೇಕು.

ತೂಕಕ್ಕೆ ಟೇಪು ಸಾಕು. ಮುಂಗಾಲ ಹಿಂದೆ ಎದೆಯ ಸುತ್ತಳತೆ, ಭುಜದಿಂದ ಪಿರ್ರೆಯ ಮೂಳೆವರೆಗೆ ಉದ್ದ, ಎರಡೂ ಅಂಗುಲದಲ್ಲಿ. ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ, ಭಾಗಿಸು 660. ಸುತ್ತು 28, ಉದ್ದ 25 ಇದ್ದರೆ ಹತ್ತಿರ ಹತ್ತಿರ 30 ಕೆಜಿ.

ಮುತ್ತುಗದ ಬೀಜ

ಇನ್ನು ಗಿಡಗಳ ವಿಷಯ. ನೂರಾರು ಗಿಡಗಳ ಹೆಸರು ಜನ ಹೇಳುತ್ತಾರೆ. ಎಲ್ಲವನ್ನೂ ಪರೀಕ್ಷೆ ಮಾಡಲು ಆಗುವುದಿಲ್ಲ. ಮುತ್ತುಗವನ್ನು ನಾವು ಆರಿಸಲು ಎರಡು ಕಾರಣ. ಒಂದು, ಅತ್ತೆಯ ತವರಿನಲ್ಲಿ ಕುರಿಮರಿಗಳಿಗೆ ಅದನ್ನೇ ಕೊಡುತ್ತಿದ್ದರು. ಎರಡು, ಅದನ್ನು ಕುರಿಗಳ ಮೇಲೆ ಎಣಿಸಿ ನೋಡಿದ ಪ್ರಯೋಗ ಇದೆ. ಪಾಕಿಸ್ತಾನದ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು. ಒಂದು ಕೆಜಿ ತೂಕಕ್ಕೆ 3 ಗ್ರಾಂ ಬೀಜದ ಪುಡಿ ಕೊಟ್ಟಾಗ ಹತ್ತನೇ ದಿನಕ್ಕೆ ಮೊಟ್ಟೆ ಶೇ. 78ರಷ್ಟು ಇಳಿಯಿತು. ಅದೇ ಪ್ರಯೋಗದಲ್ಲಿ ಲೆವಮಿಸೋಲ್ ಔಷಧಿಗೆ ಶೇ. 99 ಇಳಿಯಿತು.

ಈ 3 ಗ್ರಾಂ ಅನ್ನುವುದನ್ನು ಸ್ವಲ್ಪ ನಿಂತು ನೋಡಬೇಕು. 30 ಕೆಜಿ ಮೇಕೆಗೆ ಅದು 90 ಗ್ರಾಂ ಆಗುತ್ತದೆ. ಊರಲ್ಲಿ ಕೊಡುವುದು ನಾಲ್ಕೈದು ಬೀಜ ಅರೆದ ಮುದ್ದೆ. ಎರಡಕ್ಕೂ ಎಷ್ಟು ಅಂತರ ಅಲ್ವಾ? ಮುತ್ತುಗದ ಒಂದು ಕಾಯಿಯಲ್ಲಿ ಇರುವುದು ಒಂದೇ ಬೀಜ. ಮಂದೆಗೆಲ್ಲ ಆಗುವಷ್ಟು ಕೂಡಿಹಾಕುವುದು ಸುಲಭದ ಮಾತಲ್ಲ.

ಬೇಸಿಗೆಯ ಕೊನೆಗೆ ಕಾಯಿ ಒಣಗಿ ಗಾಳಿಗೆ ಉದುರುತ್ತವೆ. ಕಂದು ಬಣ್ಣದ, ತೆಳ್ಳನೆ ಕಾಗದದಂಥ ಕಾಯಿ, ತುದಿಯಲ್ಲಿ ಚಪ್ಪಟೆ ಬೀಜ. ಮಳೆ ಬೀಳುವ ಮೊದಲೇ ಆರಿಸಬೇಕು, ನೆಲದಲ್ಲಿ ನೆನೆದರೆ ಬೂಷ್ಟು ಹಿಡಿಯುತ್ತದೆ, ತೂತು ಬೀಳುತ್ತದೆ. ಬೀಜವನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಮೇಲಿನ ಕಂದು ಸಿಪ್ಪೆ ಸುಲಿದು, ನೆರಳಲ್ಲಿ ಒಣಗಿಸಿದೆವು. ಮಿಕ್ಸಿಗೆ ಹಾಕಿದರೆ ಬೀಜದ ಎಣ್ಣೆಗೆ ಮುದ್ದೆ ಕಟ್ಟುತ್ತದೆ. ಒರಳಲ್ಲಿ ಕುಟ್ಟಿ ಜರಡಿ ಹಿಡಿದರೆ ಸೊಗಸಾದ ಪುಡಿ ಬರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಇಟ್ಟೆವು.

ಗಿಡದ್ದು ಅಂದಮಾತ್ರಕ್ಕೆ ಅಪಾಯ ಇಲ್ಲ ಅಂತ ಅಂದುಕೊಳ್ಳಬೇಡಿ. ಬೀಜದಲ್ಲಿ ಹುಳ ಕೊಲ್ಲುವ ಅಂಶ ಪಲಾಸೋನಿನ್. ಮೈಮೇಲೆ ಹರಿದರೆ ಬೊಬ್ಬೆ ಬರಿಸುವ ಹುಳುಗಳ ವಿಷವಾದ ಕ್ಯಾಂತರಿಡಿನ್‌ಗೆ ಅದು ಹತ್ತಿರದ ಸಂಬಂಧಿ. ಜೊತೆಗೆ ಈ ಬೀಜ ಗರ್ಭ ನಿಲ್ಲದಂತೆ ಮಾಡುತ್ತದೆ ಅಂತ ಇಲಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಹಾಗಾಗಿ ಗಬ್ಬದ ಮೇಕೆಗೂ, ಹೋತ ಕೂಡಿಸಬೇಕೆಂದಿರುವ ಮೇಕೆಗೂ ಕೊಡಲೇಬಾರದು. ನಾವು ಅವನ್ನು ಮೊದಲೇ ಬೇರೆ ಮಾಡಿದೆವು.

ಕುಡಿಸುವ ರೀತಿಯೂ ಮುಖ್ಯ. ಅತ್ತೆಯ ಬಳಿ ಹಳೇ ಬಿದಿರಿನ ಗೊಟ್ಟ ಇದೆ, ಅದು ದನಕ್ಕೆ ಸರಿ. ಮೇಕೆಗೆ ದೊಡ್ಡ ಸಿರಿಂಜು ಅನುಕೂಲ. ಪುಡಿಯನ್ನು ಬೆಲ್ಲದ ನೀರಿನಲ್ಲಿ ತೆಳ್ಳಗೆ ಕಲಸಿ, ಬಾಯಿಯ ಪಕ್ಕದಿಂದ ನಾಲಿಗೆಯ ಹಿಂಭಾಗಕ್ಕೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಮೂತಿ ನೆಲಕ್ಕೆ ಸಮವಾಗಿರಲಿ. ತಲೆಯನ್ನು ಮೇಲಕ್ಕೆ ಎತ್ತಿ ಸುರಿದರೆ ಶ್ವಾಸಕೋಶಕ್ಕೆ ಹೋಗಿ ಮೇಕೆ ಉಳಿಯುವುದಿಲ್ಲ. 90 ಗ್ರಾಂ ಪುಡಿಯನ್ನು ಒಂದೇ ಸಲಕ್ಕೆ ಕುಡಿಸುವುದು ಮೇಕೆಗೂ ಹಿಂಸೆ, ನಮಗೂ. ಬೆಳಗ್ಗೆ ಅರ್ಧ, ಸಂಜೆ ಅರ್ಧ ಮಾಡಿದೆವು.

ಬಾಳೆದಿಂಡಿನ ಉಂಡೆ

ಎರಡನೆಯದು ಉಂಡೆ. ಯಲಹಂಕದ ಹತ್ತಿರದ ಟ್ರಾನ್ಸ್ ಡಿಸಿಪ್ಲಿನರಿ ವಿಶ್ವವಿದ್ಯಾಲಯದವರು ಮತ್ತು ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯವರು ಹೈನುಗಾರರಿಗೆ ಮನೆಮದ್ದುಗಳನ್ನು ಹೇಳಿಕೊಡುತ್ತಾರೆ. ಅದರಲ್ಲಿ ಜಂತಿಗೆ ಒಂದು ಉಂಡೆ ಇದೆ. ಜೀರಿಗೆ, ಕಾಳುಮೆಣಸು, ಸಾಸಿವೆಯನ್ನು ನೆನೆಸಿ, ಈರುಳ್ಳಿ, ಬೆಳ್ಳುಳ್ಳಿ, ಹಾಗಲಕಾಯಿ, ಬಾಳೆದಿಂಡು, ಬೇವಿನ ಸೊಪ್ಪು, ತುಂಬೆ ಸೊಪ್ಪು, ಅರಿಶಿನದ ಜೊತೆ ರುಬ್ಬಿ, ಬೆಲ್ಲ ಸೇರಿಸಿ ಉಂಡೆ ಕಟ್ಟುವುದು. ಉಪ್ಪು ಸವರಿ ಮೂರು ದಿನ ತಿನ್ನಿಸುವುದು. ಅದು ಹಸುವಿನ ಅಳತೆ, ನಾವು ಮೇಕೆಗೆ ಅದರ ಒಂದು ಸಣ್ಣ ಪಾಲು ಕೊಟ್ಟೆವು. ತಯಾರಿಸುವುದು ಸುಲಭ, ಎಲ್ಲ ಹಿತ್ತಲಲ್ಲೇ ಇರುತ್ತದೆ. ಮೇಕೆಗಳು ಬೆಲ್ಲದ ಆಸೆಗೆ ತಾವೇ ಬಂದು ತಿಂದವು. ರಕ್ತ ಕಡಿಮೆ ಇರುವ ಮೇಕೆಗೆ ಈರುಳ್ಳಿ ಜಾಸ್ತಿ ಹಾಕಬೇಡಿ. ಹೆಚ್ಚಾದರೆ ಅದೇ ರಕ್ತಕಣ ಒಡೆಯುತ್ತದೆ.

ಗುಂಪು ಮಾಡಿದ್ದು, ಎಣಿಸಿದ್ದು

ಮೇಕೆಗಳನ್ನು ನಾಲ್ಕು ಗುಂಪು ಮಾಡಿದೆವು. ಒಂದಕ್ಕೆ ಮುತ್ತುಗ, ಒಂದಕ್ಕೆ ಉಂಡೆ, ಒಂದಕ್ಕೆ ಡಾಕ್ಟರು ಬದಲಾಯಿಸಿ ಕೊಟ್ಟ ಲೆವಮಿಸೋಲ್, ಒಂದಕ್ಕೆ ಏನೂ ಇಲ್ಲ. ಏನೂ ಕೊಡದ ಗುಂಪು ಯಾಕೆ ಅಂತ ಮನೆಯವರು ಕೇಳಿದರು. ಅದಿಲ್ಲದಿದ್ದರೆ ಇಡೀ ಕೆಲಸವೇ ವ್ಯರ್ಥ. ಹವೆ ಬದಲಾದರೆ, ಮೇವು ಬದಲಾದರೆ ಮೊಟ್ಟೆ ತಾನಾಗಿಯೇ ಏರುತ್ತದೆ, ಇಳಿಯುತ್ತದೆ. ಏನೂ ಕೊಡದ ಮೇಕೆಯಲ್ಲೂ ಅಷ್ಟೇ ಇಳಿದಿದ್ದರೆ ಔಷಧಿ ಏನೂ ಮಾಡಿಲ್ಲ ಅಂತಲೇ ಅರ್ಥ. ಆದರೆ ಕಣ್ಣು 4, 5 ಇದ್ದ ಮೇಕೆಗಳನ್ನು ಈ ಪರೀಕ್ಷೆಗೆ ಸೇರಿಸಲೇ ಇಲ್ಲ. ಅವಕ್ಕೆ ಮೊದಲ ದಿನವೇ ಲೆವಮಿಸೋಲ್ ಕೊಟ್ಟು ಹಿಂಡಿ, ಹಸಿಮೇವು ಜಾಸ್ತಿ ಮಾಡಿದೆವು. ಪರೀಕ್ಷೆಗೋಸ್ಕರ ಮೇಕೆ ಸಾಯಬಾರದು. ನಡುವೆ ಯಾವುದೇ ಗುಂಪಿನಲ್ಲಿ ಕಣ್ಣು ಬಿಳಚಿದರೂ ಅದನ್ನು ತೆಗೆದು ಔಷಧಿ ಕೊಡುವುದು ಅಂತ ಮೊದಲೇ ಮಾತಾಗಿತ್ತು.

ಹತ್ತು ದಿನ ಕಳೆದ ಮೇಲೆ ಮತ್ತೆ ಎಣಿಸಿದೆವು. ಏನೂ ಕೊಡದ ಗುಂಪಿನಲ್ಲಿ ಮೊಟ್ಟೆ ಸ್ವಲ್ಪ ಏರಿತ್ತು, ಮಳೆ ಹಿಡಿದುಕೊಂಡಿತ್ತಲ್ಲ. ಉಂಡೆ ತಿಂದ ಗುಂಪೂ ಹೆಚ್ಚುಕಮ್ಮಿ ಅದರ ಜೊತೆಗೇ ನಡೆದಿತ್ತು, ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಲೆವಮಿಸೋಲ್ ಗುಂಪಿನಲ್ಲಿ ಸ್ಲೈಡಿನ ಕೋಣೆ ಖಾಲಿ, ಎಲ್ಲೋ ಒಂದೊಂದು ಮೊಟ್ಟೆ. ಮುತ್ತುಗದ ಗುಂಪಿನಲ್ಲಿ ನಿಜವಾಗಿ ಇಳಿದಿತ್ತು. ಕೆಲವು ಮೇಕೆಗಳಲ್ಲಿ ಮೂರರಲ್ಲಿ ಎರಡು ಪಾಲು ಇಳಿದಿತ್ತು, ಕೆಲವಲ್ಲಿ ಅರ್ಧ. ಅತ್ತೆಗೆ ಸ್ಲೈಡ್ ತೋರಿಸಿದೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿ, "ಇಷ್ಟು ಉಳಿದಿದ್ದು ಮತ್ತೆ ಬೆಳೆಯುತ್ತೆ ಅಲ್ವೇನಮ್ಮ?" ಅಂದರು. ಹೌದು, ಮುಂದಿನ ಎಣಿಕೆಗಳಲ್ಲಿ ಮತ್ತೆ ಏರುತ್ತಾ ಹೋಯಿತು.

ನಮ್ಮದು ಸಣ್ಣ ಮಂದೆ. ಇದನ್ನೇ ಎಲ್ಲ ಮಂದೆಗೂ ಅನ್ವಯಿಸಬೇಡಿ, ನಿಮ್ಮಲ್ಲಿ ಎಣಿಸಿ. ಆದರೆ ಬೇರೆ ಕಡೆ ಎಣಿಸಿದವರ ಅನುಭವವೂ ಇದೇ ದಿಕ್ಕಿನಲ್ಲಿದೆ. ಅಮೆರಿಕದಲ್ಲಿ ಮೇಕೆ ಮತ್ತು ಕುರಿಮರಿಗಳಿಗೆ ಬೆಳ್ಳುಳ್ಳಿ, ಪರಂಗಿ ಬೀಜ ಕೊಟ್ಟು ನೋಡಿ 2009ರಲ್ಲಿ ಪ್ರಕಟಿಸಿದರು, ಹುಳ ಹತೋಟಿಗೆ ಬರಲಿಲ್ಲ. ಬ್ರೆಜಿಲ್‌ನಲ್ಲಿ ಕುರಿಗಳಿಗೆ ಒಣಗಿದ ಬೇವಿನ ಎಲೆ ತಿನ್ನಿಸಿದಾಗಲೂ ಫಲ ಸಿಗಲಿಲ್ಲ. ಪ್ರಯೋಗಾಲಯದ ಗಾಜಿನ ತಟ್ಟೆಯಲ್ಲಿ ಬೇವಿನ ಕಷಾಯಕ್ಕೆ ಹುಳ ಸಾಯುತ್ತದೆ, ಅದು ಸುಳ್ಳಲ್ಲ. ಅಲ್ಲಿ ಹುಳ ಕಷಾಯದಲ್ಲೇ ಮುಳುಗಿರುತ್ತದೆ. ಮೇಕೆಯ ಮೊದಲ ಹೊಟ್ಟೆಯಲ್ಲಿ ಲೀಟರುಗಟ್ಟಲೆ ಮೇವಿನ ರಸ, ಕೋಟ್ಯಂತರ ಸೂಕ್ಷ್ಮಜೀವಿಗಳು. ಅದನ್ನೆಲ್ಲ ದಾಟಿ ನಾಲ್ಕನೇ ಹೊಟ್ಟೆಗೆ ಬರುವಷ್ಟರಲ್ಲಿ ಬೇವಿನ ಅಂಶ ಎಷ್ಟು ಉಳಿದೀತು? ಬೇವನ್ನು ಪ್ರೀತಿಸುವ ನಮಗೆ ಇದು ಬೇಸರದ ಮಾತೇ, ಆದರೆ ಮೇಕೆಯ ಜೀವ ಅದಕ್ಕಿಂತ ದೊಡ್ಡದು.

ಒಗರು ಸೊಪ್ಪಿನ ಅಟ್ಟಣೆ

ಅಲ್ಲಿಗೆ ಗಿಡಗಳ ಕಥೆ ಮುಗಿಯಲಿಲ್ಲ. ನನಗೆ ಹೆಚ್ಚು ಭರವಸೆ ಬಂದದ್ದು ಇನ್ನೊಂದು ದಾರಿಯಲ್ಲಿ. ಗಿಡವನ್ನು ಒಂದು ದಿನ ಔಷಧಿಯಾಗಿ ಕುಡಿಸುವುದಕ್ಕಿಂತ ಮಳೆಗಾಲ ಪೂರ್ತಿ ಮೇವಾಗಿ ಕೊಡುವುದು.

ಜಾಲಿ, ನೇರಳೆ, ಸೀಬೆ, ಹಲಸು, ಈ ಎಲೆಗಳನ್ನು ಅಗಿದರೆ ಬಾಯಿ ಒಗರು ಆಗುತ್ತದೆ. ಆ ಒಗರು ಟ್ಯಾನಿನ್. ಅದು ಮೇವಿನ ಪ್ರೋಟೀನನ್ನು ಹಿಡಿದುಕೊಂಡು ಮೊದಲ ಹೊಟ್ಟೆಯಲ್ಲಿ ಕೊಳೆಯದಂತೆ ಮುಂದಕ್ಕೆ ದಾಟಿಸುತ್ತದೆ. ಪ್ರೋಟೀನ್ ಸಿಕ್ಕ ಮೇಕೆ ಹುಳವನ್ನು ಚೆನ್ನಾಗಿ ತಡೆಯುತ್ತದೆ. ಹುಳದ ಮೇಲೂ ಟ್ಯಾನಿನ್ ನೇರವಾಗಿ ಕೆಲಸ ಮಾಡುತ್ತದೆ, ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಲೆಸ್ಪಿಡೀಜಾ ಎಂಬ ಒಗರು ಮೇವನ್ನು ಮೇಕೆಗಳಿಗೆ ಇದಕ್ಕೆಂದೇ ಬೆಳೆಸುತ್ತಾರೆ. ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿ ಸೀಬೆ ಎಲೆ, ಬಸರಿ ಎಲೆ ಸೇರಿಸಿ ಕುರಿಮರಿಗಳಿಗೆ ಕೊಟ್ಟು ನೋಡಿದ್ದಾರೆ.

ಎಲೆಯಲ್ಲಿ ಟ್ಯಾನಿನ್ ಇದೆಯೋ ಇಲ್ಲವೋ ಮನೆಯಲ್ಲೇ ತಿಳಿಯಬಹುದು. ತುಕ್ಕು ಹಿಡಿದ ಮೊಳೆಗಳನ್ನು ಸ್ವಲ್ಪ ಹುಳಿ ಬೆರೆಸಿದ ನೀರಲ್ಲಿ ನೆನೆಸಿಡಿ. ಎಲೆಯನ್ನು ಕುದಿಸಿ ಸೋಸಿದ ಕಷಾಯಕ್ಕೆ ಆ ನೀರು ಹಾಕಿ. ಟ್ಯಾನಿನ್ ಇದ್ದರೆ ಕಪ್ಪಾಗುತ್ತದೆ ಅಥವಾ ಕರಿಹಸಿರಾಗುತ್ತದೆ. ಎಷ್ಟಿದೆ ಅನ್ನುವುದು ಗೊತ್ತಾಗುವುದಿಲ್ಲ, ಇದೆ ಅನ್ನುವುದಂತೂ ಗೊತ್ತಾಗುತ್ತದೆ. ನಮ್ಮಲ್ಲಿ ಕರಿಜಾಲಿ ಮತ್ತು ನೇರಳೆ ಗಾಢವಾಗಿ ಕಪ್ಪಾದವು. ಬಳ್ಳಾರಿ ಜಾಲಿ ಬೇರೆ ಮರ, ಅದರ ಎಲೆಯನ್ನು ಮೇಕೆ ಇಷ್ಟಪಡುವುದಿಲ್ಲ, ಕಾಯಿ ಮಾತ್ರ ತಿನ್ನುತ್ತದೆ.

ಅಟ್ಟಣೆ ಹೀಗೆ ಕಟ್ಟಿದೆವು. ರೊಪ್ಪದ ಒಂದು ಬದಿಯಲ್ಲಿ ಎರಡು ಕಂಬ ನೆಟ್ಟು, ಆಳೆತ್ತರಕ್ಕೆ ಒಂದು ಬಿದಿರು ಅಡ್ಡ ಕಟ್ಟಿದೆವು. ಬಿದಿರಿಗೆ ತೆಂಗಿನ ಹಗ್ಗದ ಕುಣಿಕೆಗಳು, ಪ್ರತಿ ಕುಣಿಕೆಗೂ ಒಂದು ಸೊಪ್ಪಿನ ಕಟ್ಟು, ಬುಡ ಮೇಲೆ, ತುದಿ ಕೆಳಗೆ. ತುದಿ ಮೇಕೆಯ ಕಣ್ಣಿನ ಮಟ್ಟಕ್ಕಿಂತ ಕೆಳಗೆ ಬರಬಾರದು. ಕುಣಿಕೆಯನ್ನು ಎಳೆದರೆ ಬಿಚ್ಚುವ ಗಂಟಿನಲ್ಲಿ ಹಾಕಿ, ಇಲ್ಲದಿದ್ದರೆ ಮರಿ ಹಾರಿ ಕತ್ತು ಸಿಕ್ಕಿಸಿಕೊಳ್ಳುತ್ತದೆ. ತಂತಿ ಜಾಲರಿಯ ಗೂಡು ಮಾಡುವವರು ಜಾಲರಿಯ ತೂತಿನ ಅಳತೆ ನೋಡಿಕೊಳ್ಳಿ. ಕೊಂಬಿನ ಮೇಕೆ ತಲೆ ತೂರಿಸಿದರೆ ವಾಪಸ್ ಬರುವುದಿಲ್ಲ. ಉದುರಿದ ಎಲೆಗೆ ಕೆಳಗೆ ಒಂದು ತೊಟ್ಟಿ ಇಟ್ಟೆವು, ಅದೂ ನೆಲದಿಂದ ಮೇಲೆ. ಹಿಕ್ಕೆ ಬಿದ್ದ ನೆಲದಿಂದ ಎಲೆ ಆರಿಸಿ ತಿಂದರೆ ಮಾಡಿದ್ದೆಲ್ಲ ನೀರುಪಾಲು.

ಇದರಲ್ಲಿ ಎರಡು ಲಾಭ ಇದೆ. ಒಗರು ಹೊಟ್ಟೆಗೆ ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಮೇಕೆ ತಲೆ ಎತ್ತಿ ತಿನ್ನುವಷ್ಟು ಹೊತ್ತು ನೆಲದ ಹುಲ್ಲಿಗೆ ಬಾಯಿ ಹಾಕುವುದಿಲ್ಲ. ಮರಿಹುಳ ಇರುವುದು ಹುಲ್ಲಿನ ಬುಡದ ಕೆಲವು ಅಂಗುಲದಲ್ಲಿ ಮಾತ್ರ. ಮರದ ಸೊಪ್ಪಿಗೆ ಅದು ಹತ್ತುವುದಿಲ್ಲ. ಮೇಕೆಯ ಸ್ವಭಾವವೂ ಸೊಪ್ಪು ತಿನ್ನುವುದೇ.

ಸೊಪ್ಪು ಒಂದೇ ಜಾತಿ ಆಗದಿರಲಿ. ಒಗರು ಅತಿಯಾದರೆ ಮೇಕೆ ಮೇವು ಬಿಡುತ್ತದೆ, ಜೀರ್ಣವೂ ಕೆಡುತ್ತದೆ. ಜಾಲಿ ಒಂದು ಪಾಲು, ಸೀಬೆ ಅಥವಾ ಹಲಸು ಒಂದು ಪಾಲು, ಉಳಿದದ್ದು ಅಗಸೆ, ನುಗ್ಗೆಯಂಥ ಮೆತ್ತನೆಯ ಸೊಪ್ಪು. ಸುಬಾಬುಲ್ ಮೂರನೇ ಒಂದು ಪಾಲು ಮೀರದಿರಲಿ.

ಅಟ್ಟಣೆ ಕಟ್ಟಿದ ಮೇಲಿನ ಎಣಿಕೆಯಲ್ಲಿ ಮೊಟ್ಟೆ ಒಮ್ಮೆಲೇ ಬೀಳಲಿಲ್ಲ. ಏರುವ ವೇಗ ತಗ್ಗಿತು. ಕಣ್ಣಿನ ಬಣ್ಣ ಅಕ್ಟೋಬರ್ ಪೂರ್ತಿ ಬಹುಪಾಲು ಮೇಕೆಗಳಲ್ಲಿ 2, 3ರಲ್ಲೇ ನಿಂತಿತು. ಔಷಧಿ ಬೇಕಾದ ಮೇಕೆಗಳು ಹಿಂದಿನ ವರ್ಷಕ್ಕಿಂತ ಬಹಳ ಕಡಿಮೆ. ಇದರಲ್ಲಿ ಸೊಪ್ಪಿನ ಪಾಲೆಷ್ಟು, ಬೆಳಗ್ಗೆ ತಡವಾಗಿ ಬಿಟ್ಟಿದ್ದರ ಪಾಲೆಷ್ಟು ಅಂತ ಬೇರೆ ಮಾಡಿ ಹೇಳಲಾರೆ. ಎರಡನ್ನೂ ಒಟ್ಟಿಗೇ ಶುರು ಮಾಡಿದ್ದೆವು.

ತಡವಾಗಿ ಬಿಡುವುದು ಅಂದರೆ ಇಬ್ಬನಿ ಆರಿದ ಮೇಲೆ. ನಮ್ಮ ಕಡೆಯ ಕುರುಬರು, ಗೊಲ್ಲರು ಬಿಸಿಲೇರುವವರೆಗೆ ಮಂದೆ ಬಿಡುವುದಿಲ್ಲ. ಹುಲ್ಲು ಒದ್ದೆ ಇದ್ದಾಗ ಮರಿಹುಳ ಮೇಲೆ ಬಂದಿರುತ್ತದೆ, ಒಣಗಿದರೆ ಬುಡಕ್ಕೆ ಇಳಿಯುತ್ತದೆ. ಮೇಯುವ ಜಾಗ ಬದಲಾಯಿಸುವುದೂ ಹಾಗೆಯೇ. ಟೊಂಗಾ ದ್ವೀಪದಲ್ಲಿ ಹುಲ್ಲುಗಾವಲನ್ನು ಹತ್ತು ಪಾಲು ಮಾಡಿ ಮೂರೂವರೆ ದಿನಕ್ಕೊಂದರಂತೆ ಮೇಕೆ ಮೇಯಿಸಿದರು. ಮೊಟ್ಟೆ ಅರ್ಧಕ್ಕಿಂತ ಕೆಳಗಿಳಿಯಿತು ಅಂತ 1994ರಲ್ಲಿ ವರದಿಯಾಯಿತು. ನಮ್ಮಂಥ ಬೆಚ್ಚನೆ ಜಾಗದಲ್ಲಿ ಮರಿಹುಳ ಹುಲ್ಲಿನ ಮೇಲೆ ಹೆಚ್ಚು ವಾರ ಬದುಕುವುದಿಲ್ಲ, ಮತ್ತೆ ಅದೇ ಪಾಲಿಗೆ ಬರುವಷ್ಟರಲ್ಲಿ ಸತ್ತಿರುತ್ತದೆ. ನಮಗೆ ಹತ್ತು ಪಾಲು ಮಾಡುವಷ್ಟು ಜಮೀನಿಲ್ಲ. ಹೊಲದ ಬದು, ಬೀಳು, ಗೋಮಾಳ ಅಂತ ಸರದಿ ಹಾಕಿಕೊಂಡಿದ್ದೇವೆ. ಮಳೆಗಾಲದಲ್ಲಿ ಕೆರೆಯಂಗಳ ಪೂರ್ತಿ ಬಂದ್.

ಈಗ ನಡೆಯುತ್ತಿರುವ ಕ್ರಮ ಇದು. ಮಳೆ ಶುರುವಾದ ಮೇಲೆ ಎರಡು ವಾರಕ್ಕೊಮ್ಮೆ ಎಲ್ಲ ಮೇಕೆಗಳ ಕಣ್ಣು ನೋಡುವುದು, ತಿಂಗಳಿಗೊಮ್ಮೆ ಕೆಲವದರ ಹಿಕ್ಕೆ ಎಣಿಸುವುದು. 4, 5 ಬಂದರೆ ಡಾಕ್ಟರ ಔಷಧಿ, ಅದರಲ್ಲಿ ಗಿಡಮೂಲಿಕೆಯ ಮಾತೇ ಇಲ್ಲ. ಕಣ್ಣು 3ರಲ್ಲಿದ್ದು, ಗಬ್ಬ ಇಲ್ಲದ, ಮೊಟ್ಟೆ ಜಾಸ್ತಿ ಇರುವ ದೊಡ್ಡ ಮೇಕೆಗೆ ಮುತ್ತುಗದ ಪುಡಿ, ಹತ್ತು ದಿನಕ್ಕೆ ಮರು ಎಣಿಕೆ, ಇಳಿಯದಿದ್ದರೆ ಔಷಧಿ. ಉಳಿದ ಮೇಕೆಗಳಿಗೆ ಅಟ್ಟಣೆಯ ಸೊಪ್ಪು ಮಾತ್ರ. ಈ ಸಲ ಬೇಲಿಗುಂಟ ಸೀಬೆ, ಅಗಸೆ ಸಸಿ ಹಾಕಿದ್ದೇವೆ. ಮುತ್ತುಗದ ಬೀಜ ಎರಡು ಡಬ್ಬಿ ತುಂಬ ಇದೆ, ಡಬ್ಬಿಯ ಮೇಲೆ ಕುಟ್ಟಿದ ತಿಂಗಳು ಬರೆದಿದ್ದೇನೆ. ಹಳೆಯ ಪುಡಿಗೂ ಹೊಸ ಪುಡಿಗೂ ಶಕ್ತಿಯಲ್ಲಿ ವ್ಯತ್ಯಾಸ ಇದೆಯೇ ಅಂತ ಸೆಪ್ಟೆಂಬರಿನಲ್ಲಿ ಎಣಿಸಿ ನೋಡಬೇಕು.